ಬೀಜದ ಮೊಳಕೆ: ಒಂದೇ ಎಣಿಕೆ ಸಾಲದು

ಬಿತ್ತನೆಗೆ ಮುಂಚೆ 100 ಕಾಳು ಜೋಳ ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟಿರಿ. 85 ಮೊಳೆತವು ಅನ್ನಿ. ಅದೇ ಚೀಲದ ಇನ್ನೊಂದು ನೂರು ಕಾಳು ಇಟ್ಟರೆ 80 ಬಂದೀತು, 90 ಕೂಡ ಬಂದೀತು. ಬೀಜ ಒಂದೇ, ಕೈಗೆ ಬಂದ ಕಾಳು ಬೇರೆ, ಅಷ್ಟೆ. ನೂರು ಕಾಳಿನ ಲೆಕ್ಕದಲ್ಲಿ ಏಳರಷ್ಟು ಹೆಚ್ಚುಕಮ್ಮಿ ಸಹಜ.

ಅದಕ್ಕೇ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ 400 ಕಾಳು ಇಡುತ್ತಾರೆ. ಕಾಳು ನಾಲ್ಕು ಪಟ್ಟಾದರೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ.

ನೀವೂ ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಕಾಳು ತೆಗೆದು ಬೆರೆಸಿ, ನೂರರಂತೆ ನಾಲ್ಕು ಸುರುಳಿ ಇಡಿ. ದಪ್ಪ ಕಾಳನ್ನೇ ಆರಿಸಿದಿರೋ, ಎಷ್ಟು ಎಣಿಸಿದರೂ ಲೆಕ್ಕ ಸುಳ್ಳೇ. ಸರಾಸರಿ 85 ಬಂದರೆ, ನಿಜವಾದದ್ದು 81ರಿಂದ 89ರೊಳಗೆ ಎಂದು ತಿಳಿಯಿರಿ. 81ನ್ನೇ ಹಿಡಿದು ಬೀಜದ ಪ್ರಮಾಣ ಗೊತ್ತುಮಾಡಿ, ಪೈರು ತೆಳುವಾಗದು.