ಬಿಸಿಲಿಗೆ ಹಗ್ಗ ಯಾಕೆ ಪುಡಿಯಾಗುತ್ತೆ?

ಕಾರ್ಕಳದ ಕಲ್ಲಿನ ಗೊಮ್ಮಟ 1432ರಿಂದ ಬಟ್ಟಬಯಲಲ್ಲಿ ನಿಂತಿದ್ದಾನೆ, ಬಿಸಿಲಿಗೆ ಜಗ್ಗಿಲ್ಲ. ಆದರೆ ನಮ್ಮ ಅಂಗಳದ ನೀಲಿ ಟಾರ್ಪಾಲು ಒಂದೆರಡು ಬೇಸಗೆ ಕಳೆಯೋದ್ರೊಳಗೆ ಮುಟ್ಟಿದರೆ ಹರಿಯುತ್ತೆ. ಯಾಕೆ?

ಬಿಸಿಲಿನ ಕಾವಿಗೆ ಅಂತ ತುಂಬಾ ಜನ ಹೇಳ್ತಾರೆ. ಕಾವಿನ ಪಾಲೂ ಇದೆ. ಆದರೆ ಮುಖ್ಯ ಕಾರಣ ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಪ್ಲಾಸ್ಟಿಕ್ ಅಂದರೆ ಉದ್ದುದ್ದ ಅಣುಗಳ ಸರಪಳಿ. ಈ ಕಿರಣ ಅದರ ಕೊಂಡಿ ಕಡಿಯುತ್ತೆ. ಕಡಿದ ಜಾಗಕ್ಕೆ ಗಾಳಿಯ ಆಮ್ಲಜನಕ ಸೇರಿ ಮುಂದಿನ ಕೊಂಡಿಗಳನ್ನೂ ಮುರಿಯುತ್ತೆ. ಮೊದಲು ಬಣ್ಣ ಮಾಸುತ್ತೆ, ಆಮೇಲೆ ಪುಡಿ ಏಳುತ್ತೆ, ಕೊನೆಗೆ ಹರಿಯುತ್ತೆ.

ಮಲ್ಪೆ, ಕಾಪು ಕಡೆಯ ಮೀನುಗಾರರಿಗೆ ಇದು ಬರೀ ಖರ್ಚಿನ ಮಾತಲ್ಲ. ಪಾಲಿಪ್ರೊಪಿಲೀನ್ ಹಗ್ಗ, ನೈಲಾನ್ ಬಲೆ ಎರಡೂ ಹೀಗೇ ಬಲ ಕಳೆದುಕೊಳ್ಳುತ್ತವೆ. ಗಾಳಿ ಎದ್ದಾಗ ಹಗ್ಗ ತುಂಡಾದರೆ ದೋಣಿಯೇ ಹೋಗಬಹುದು. ಉದುರಿದ ಚೂರು ಸಮುದ್ರ ಸೇರುತ್ತೆ.

ಏನು ಮಾಡಬಹುದು? ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್ 1ರಿಂದ ಜುಲೈ 31ರವರೆಗೆ ಬಲೆಯನ್ನು ಶೆಡ್ಡಿನೊಳಗೆ ಇಡಿ. ಮಳೆಗಾಲ ಅಲ್ವಾ ಅನ್ನಬೇಡಿ, ಮೋಡ ದಾಟಿಯೂ ಈ ಕಿರಣ ಬರುತ್ತೆ. ಶೆಡ್ ಇಲ್ಲದಿದ್ದರೆ ತೆಂಗಿನ ಮಡಲನ್ನಾದರೂ ದಪ್ಪಗೆ ಹೊದೆಸಿ. ಹೊಸ ಹಗ್ಗ, ಟಾರ್ಪಾಲು ಕೊಳ್ಳುವಾಗ 'ಯುವಿ ಸ್ಟೆಬಿಲೈಸ್ಡ್' ಹೌದಾ ಅಂತ ಕೇಳಿ. ಹೊರಗೆ ಹಾಕುವ ನೀರಿನ ಪೈಪಿಗೆ ಕಪ್ಪೇ ಒಳ್ಳೇದು. ಅದರಲ್ಲಿರುವ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿ ಕಿರಣವನ್ನು ತಾನೇ ಹೀರಿಕೊಂಡು ಪ್ಲಾಸ್ಟಿಕ್ ಉಳಿಸುತ್ತೆ.

ಹಳೇ ಹಗ್ಗವನ್ನು ಉಗುರಲ್ಲಿ ಗೀರಿ ನೋಡಿ. ಪುಡಿ ಬಂತಾ? ಅದಕ್ಕೆ ದೋಣಿ ಕಟ್ಟಬೇಡಿ, ಸಮುದ್ರಕ್ಕೂ ಎಸೆಯಬೇಡಿ. ಮುಂದಿನ ಕಂತಿನಲ್ಲಿ ಸಿಗೋಣ.