ಬಿಗಿದ ಕೈಕಾಲುಗಳಿಗೆ ಬೊಟುಲಿನಮ್ ಚುಚ್ಚುಮದ್ದು: ದಂಪತಿಗಳು ತಿಳಿಯಬೇಕಾದ ಸಂಗತಿಗಳು

(ಮೇಲವಂಕಿಯಲ್ಲಿ ಸೇರಿದ ಕುಟುಂಬ ಕಲ್ಯಾಣ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿರುವರು. ಹುಟ್ಟಿದ ಮಗು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ನೋಡಿಕೊಳ್ಳುವುದೂ, ಮನೆಯ ಹಿರಿಯರು ರೋಗಕ್ಕೆ ತುತ್ತಾದಾಗ ತಕ್ಕ ಚಿಕಿತ್ಸೆ ಒದಗಿಸುವುದೂ ಕುಟುಂಬ ಕಲ್ಯಾಣವೇ ಆಗಿದೆ. ಆದುದರಿಂದ ಇಂದು ಕೈಕಾಲುಗಳ ಬಿಗಿತವನ್ನೂ, ಅದಕ್ಕೆ ನೀಡುವ ಬೊಟುಲಿನಮ್ ಎಂಬ ಚುಚ್ಚುಮದ್ದನ್ನೂ ಕುರಿತು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ನಾಲ್ಕು ವರ್ಷದ ಮಗು ಹಿಮ್ಮಡಿ ಊರದೆ ತುದಿಗಾಲಿನಲ್ಲಿ ನಡೆಯುತ್ತದೆ. ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ. ಅಜ್ಜಿಯು ಬರೆ ಹಾಕಿಸಿರೆನ್ನುವಳು. ತಂದೆಯು ದೊಡ್ಡ ಊರಿನಲ್ಲಿ ಒಂದು ಸೂಜಿ ಹಾಕಿಸಿದರೆ ಮಗು ಓಡಾಡೀತೆಂದು ಹೊಲವನ್ನು ಒತ್ತೆ ಇಡಲು ಸಿದ್ಧನಾಗುವನು. ಇಂಥ ಮಗುವನ್ನು ಹೆತ್ತವಳೆಂಬ ನಿಂದೆಯನ್ನು ತಾಯಿ ಮೌನವಾಗಿ ಸಹಿಸುವಳು. ಈ ಮೂವರಿಗೂ ತಿಳಿಯಬೇಕಾದ ಸತ್ಯ ಒಂದೇ: ಈ ಚುಚ್ಚುಮದ್ದು ರೋಗವನ್ನು ಗುಣಪಡಿಸುವುದಿಲ್ಲ, ಬಿಗಿತವನ್ನು ಸುಮಾರು ಮೂರು ತಿಂಗಳ ಕಾಲ ಸಡಿಲಿಸುತ್ತದೆ. ಆ ಮೂರು ತಿಂಗಳನ್ನು ಗಂಡಹೆಂಡಿರು ಕೂಡಿ ಬಳಸಿಕೊಂಡರೆ ಮಾತ್ರ ಅದರ ಫಲ ದೊರೆಯುವುದು.

ಬಿಗಿತ ಏಕೆ ಬರುತ್ತದೆ?

ಹಿಡಕಲ್ ಜಲಾಶಯದ ನೀರು ಕಾಲುವೆಯ ಮೂಲಕ ಹೊಲಗಳಿಗೆ ಬರುವುದನ್ನು ನೀವೆಲ್ಲರೂ ಬಲ್ಲಿರಿ. ಮೆದುಳನ್ನು ಜಲಾಶಯವೆಂದೂ, ನರವನ್ನು ಕಾಲುವೆಯೆಂದೂ, ಸ್ನಾಯುವನ್ನು ಹೊಲವೆಂದೂ ತಿಳಿಯಿರಿ. ಯಾವ ಹೊಲಕ್ಕೆ ಎಷ್ಟು ನೀರು ಬಿಡಬೇಕೆಂಬುದನ್ನು ನೀರುಗಂಟಿಯು ನಿಯಂತ್ರಿಸುವಂತೆ, ಯಾವ ಸ್ನಾಯು ಎಷ್ಟು ಬಿಗಿಯಬೇಕೆಂಬುದನ್ನು ಮೆದುಳು ನಿಯಂತ್ರಿಸುತ್ತದೆ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟುವುದು, ತೀರ ದಿನ ತುಂಬದೆ ಹುಟ್ಟುವುದು, ಹುಟ್ಟಿದ ಮೇಲೆ ಕಾಮಾಲೆ ವಿಪರೀತವಾಗುವುದು, ಮೆದುಳಿಗೆ ಸೋಂಕು ತಗಲುವುದು ಮೊದಲಾದ ಕಾರಣಗಳಿಂದ ಮೆದುಳಿಗೆ ಪೆಟ್ಟಾದರೆ ಈ ನಿಯಂತ್ರಣ ತಪ್ಪುತ್ತದೆ. ಮಕ್ಕಳಲ್ಲಿ ಕಾಣುವ ಈ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ದೊಡ್ಡವರಲ್ಲಿ ಲಕ್ವ ಹೊಡೆದ ಬಳಿಕವೂ ಹೀಗಾಗುವುದುಂಟು. ನೀರುಗಂಟಿಯಿಲ್ಲದ ಕಾಲುವೆಯಿಂದ ನೀರು ಎಡೆಬಿಡದೆ ನುಗ್ಗಿ ಹೊಲ ಜವಳಾಗುವಂತೆ, ಸ್ನಾಯುವಿಗೆ ಬಿಗಿಯೆಂಬ ಆಜ್ಞೆ ಸದಾ ಬರುತ್ತಿದ್ದು ಅದು ಸೆಟೆದುಕೊಳ್ಳುತ್ತದೆ.

ಬೊಟುಲಿನಮ್ ಮದ್ದು ಜಲಾಶಯವನ್ನು ದುರಸ್ತಿ ಮಾಡಲಾರದು. ಅದು ಒಂದು ಹೊಲದ ತೂಬನ್ನು ಮಾತ್ರ ಕೆಲಕಾಲ ಮುಚ್ಚುತ್ತದೆ. ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ಅಸಿಟೈಲ್ ಕೋಲಿನ್ ಎಂಬ ದ್ರವ್ಯವು ಹೊರಬರದಂತೆ ತಡೆಯುವುದೇ ಅದರ ಕೆಲಸ. ಕಾಲಕ್ರಮದಲ್ಲಿ ನರದ ತುದಿಯು ಪುನಃ ಕಾರ್ಯಶೀಲವಾಗುವುದರಿಂದ ಬಿಗಿತವು ಮರಳುತ್ತದೆ.

ವಿಷವು ಮದ್ದಾದ ಬಗೆ

ಇದು ವಿಷವಲ್ಲವೇ ಎಂದು ಕೆಲವರು ಕೇಳುವರು. ವಿಷವೆಂಬುದು ನಿಜ. ಕೆಟ್ಟ ಮಾಂಸಾಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿ ಇದನ್ನು ಉತ್ಪಾದಿಸುತ್ತದೆ. 1820ರ ದಶಕದಲ್ಲಿ ಜರ್ಮನಿಯ ಕೆರ್ನರ್ ಎಂಬ ವೈದ್ಯರು ಇದರಿಂದಾಗುವ ರೋಗವನ್ನು ವಿವರವಾಗಿ ಬರೆದು, ಇದು ಮುಂದೆ ಔಷಧವಾಗಬಹುದೆಂದೂ ಸೂಚಿಸಿದರು. 1895ರಲ್ಲಿ ಬೆಲ್ಜಿಯಂ ದೇಶದ ಹಳ್ಳಿಯೊಂದರಲ್ಲಿ ಶವಸಂಸ್ಕಾರದ ಊಟದಲ್ಲಿ ಉಪ್ಪು ಹಾಕಿ ಇರಿಸಿದ ಹಂದಿಮಾಂಸ ತಿಂದವರು ಅಸ್ವಸ್ಥರಾದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಅಮೆರಿಕದ ನೇತ್ರವೈದ್ಯ ಅಲನ್ ಸ್ಕಾಟ್ ಅವರು ಮೆಳ್ಳಗಣ್ಣಿನ ರೋಗಿಗಳಿಗೆ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ 1980ರಲ್ಲಿ ಅದರ ಫಲವನ್ನು ಪ್ರಕಟಿಸಿದರು. 1989ರಲ್ಲಿ ಆ ದೇಶದ ಸರ್ಕಾರವು ಇದನ್ನು ಔಷಧವೆಂದು ಅಂಗೀಕರಿಸಿತು. ಪ್ರಮಾಣವನ್ನು ಯೂನಿಟ್ಟುಗಳಲ್ಲಿ ಎಣಿಸಿ, ಮಗುವಾದರೆ ಅದರ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತರಬೇತಿ ಪಡೆದ ವೈದ್ಯರು ಮಾತ್ರ ಇದನ್ನು ನೀಡತಕ್ಕದ್ದು.

ಯಾರಿಗೆ ಉಪಯೋಗ?

ತುದಿಗಾಲಿನಲ್ಲಿ ನಡೆಯುವ ಮಗುವಿನ ಮೀನಖಂಡ ಸಡಿಲಗೊಂಡು ಹಿಮ್ಮಡಿ ನೆಲಕ್ಕೆ ತಾಗಬಹುದು. ಲಕ್ವದಿಂದ ಮುಷ್ಟಿ ಬಿಗಿದು ಅಂಗೈ ತೊಳೆಯಲೂ ಬಾರದೆ ಉಗುರು ಒತ್ತಿ ಹುಣ್ಣಾಗುವವರಿಗೆ ಕೈ ಬಿಡಿಸಲು ಸುಲಭವಾಗಬಹುದು. ತಾನಾಗಿಯೇ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುವ ಡಿಸ್ಟೋನಿಯಾ, ಬೇಡವೆಂದರೂ ರೆಪ್ಪೆಗಳು ಮುಚ್ಚಿಕೊಳ್ಳುವ ದೋಷ, ಮುಖದ ಅರ್ಧಭಾಗ ಅದುರುವ ತೊಂದರೆ ಇವುಗಳಿಗೂ ಇದು ಉತ್ತಮ ಚಿಕಿತ್ಸೆಯಾಗಿದೆ.

ಆದರೆ ಬಲವಿಲ್ಲದೆ ಜೋತುಬಿದ್ದ ಕೈಕಾಲುಗಳಿಗೆ ಇದು ಬಲ ಕೊಡದು. ಮಾತು ಬುದ್ಧಿಗಳನ್ನು ಬೆಳೆಸದು. ಸ್ನಾಯು ಕುಗ್ಗಿ ಕೀಲು ಶಾಶ್ವತವಾಗಿ ಸೆಟೆದಿದ್ದರೆ ಇದರಿಂದ ಹೆಚ್ಚಿನ ಫಲವಿಲ್ಲ. ಅಂಥವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದ್ದರಿಂದಲೇ ಕಾಲಹರಣ ಮಾಡಕೂಡದು.

ಚುಚ್ಚುಮದ್ದಿನ ನಂತರ

ಮದ್ದಿನ ಗುಣವು ಕೆಲವು ದಿನಗಳಲ್ಲಿ ಕಾಣತೊಡಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಪೂರ್ಣವಾಗಿ, ಸುಮಾರು ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಗೆ ಮೊದಲು ಮತ್ತೊಮ್ಮೆ ಕೊಡುವುದಿಲ್ಲ. ಈ ಅವಧಿಯಲ್ಲಿ ಭೌತಚಿಕಿತ್ಸಕರು ತೋರಿಸಿಕೊಟ್ಟಂತೆ ಪ್ರತಿದಿನವೂ ಸ್ನಾಯುವನ್ನು ಮೆಲ್ಲನೆ ನೀಳಮಾಡಬೇಕು, ಮಗುವನ್ನು ಹಿಮ್ಮಡಿಯೂರಿ ನಿಲ್ಲಿಸಬೇಕು, ಹೇಳಿದಷ್ಟು ಹೊತ್ತು ಕಾಲಿಗೆ ಆಧಾರಪಟ್ಟಿ ಕಟ್ಟಬೇಕು. ಇದನ್ನು ಮಾಡದಿದ್ದರೆ ಹದವಾದ ಹೊಲದಲ್ಲಿ ಬಿತ್ತದೆ ಕುಳಿತಂತಾಗುವುದು.

ಈ ಕೆಲಸವೆಲ್ಲ ತಾಯಿಯೊಬ್ಬಳದೇ ಎಂದು ಗಂಡಸರು ತಿಳಿಯಬಾರದು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಕಬ್ಬಿನ ಹೊಲಕ್ಕೆ ಹೋಗಿ ದುಡಿದು ಬರುವ ಹೆಣ್ಣುಮಗಳು ಒಬ್ಬಳೇ ಇದನ್ನು ಎಷ್ಟು ದಿನ ನಡೆಸಿಯಾಳು? ಮುಂಜಾನೆ ಒಬ್ಬರು, ಸಂಜೆ ಒಬ್ಬರು ಎಂದು ಹಂಚಿಕೊಳ್ಳಿರಿ. ಮಗುವಿನ ಸ್ಥಿತಿಗೆ ತಾಯಿಯ ಪಾಪವಾಗಲಿ ದೇವರ ಕೋಪವಾಗಲಿ ಕಾರಣವಲ್ಲ. ಬರೆ ಹಾಕುವುದರಿಂದ ಗಾಯವೂ ಸೋಂಕೂ ಆಗುವುವೇ ಹೊರತು ಬಿಗಿತ ಬಿಡುವುದಿಲ್ಲ.

ಎಚ್ಚರಿಕೆಗಳು

1. ಚುಚ್ಚಿದ ಸ್ಥಳದಲ್ಲಿ ನೋವು, ಆ ಸ್ನಾಯುವಿನಲ್ಲಿ ಅತಿಯಾದ ನಿಶ್ಶಕ್ತಿ ಕೆಲವರಿಗೆ ಆಗಬಹುದು. ನುಂಗಲು, ಉಸಿರಾಡಲು ಅಥವಾ ಮಾತನಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥ ತೊಂದರೆ ಕೆಲವು ವಾರಗಳ ನಂತರವೂ ತಲೆದೋರಬಹುದು.

2. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಸ್ನಾಯು ದೌರ್ಬಲ್ಯದ ರೋಗವಿರುವವರು ಮತ್ತು ಬೇರೆ ಔಷಧಿ ಸೇವಿಸುತ್ತಿರುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

3. ಈ ಮದ್ದು ದುಬಾರಿಯಾದುದು. ಎಷ್ಟು ಖರ್ಚು, ಎಷ್ಟು ಸಲ ಬೇಕಾದೀತು, ಸರ್ಕಾರದ ನೆರವು ದೊರೆಯುವುದೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿರಿ. ಸಂಪೂರ್ಣ ಗುಣಮಾಡುವೆವೆಂದು ಯಾರಾದರೂ ಮಾತು ಕೊಟ್ಟರೆ ನಂಬಿ ಹೊಲ ಒತ್ತೆ ಇಡಬೇಡಿರಿ.

ಎಲ್ಲಿಗೆ ಹೋಗಬೇಕು?

ಮಗು ಎಂಟು ತಿಂಗಳಾದರೂ ಕುಳಿತುಕೊಳ್ಳದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಸದಾ ಒಂದೇ ಮುಷ್ಟಿ ಬಿಗಿದಿದ್ದರೆ ಆರೋಗ್ಯ ಕೇಂದ್ರಕ್ಕೆ ತನ್ನಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿಗೂ ಶಾಲೆಗೂ ಬಂದಾಗ ಮಗುವನ್ನು ಬಚ್ಚಿಡದೆ ತೋರಿಸಿರಿ. ಅಲ್ಲಿಂದ ಬೆಳಗಾವಿ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅವಶ್ಯವಿದ್ದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಚೀಟಿ ಬರೆದು ಕಳುಹಿಸಲಾಗುವುದು. ಸೆರೆಬ್ರಲ್ ಪಾಲ್ಸಿಯು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೇರಿರುವುದರಿಂದ ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಿರಿ.

ತಡೆಗಟ್ಟುವುದು ಮೇಲು

ಬಸಿರಿನಲ್ಲಿ ಕ್ರಮವಾಗಿ ತಪಾಸಣೆ ಮಾಡಿಸಿ, ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸಿರಿ. ಕೂಸಿನ ಮೈ ಹಳದಿಯಾದರೆ ಕೂಡಲೇ ವೈದ್ಯರಿಗೆ ತೋರಿಸಿರಿ. ಹಿರಿಯರು ರಕ್ತದೊತ್ತಡ ನೋಡಿಸಿಕೊಂಡು, ಗುಳಿಗೆಯನ್ನು ನಡುವೆ ಬಿಡದೆ ಸೇವಿಸಿದರೆ ಲಕ್ವದ ಭಯ ಕಡಿಮೆಯಾಗುವುದು. ಇನ್ನೊಂದು ಮಾತು: ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿರಿ. ಈ ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಯ ಬೀಜಕಣಗಳು ಜೇನಿನಲ್ಲಿರಬಹುದು. ಅವು ಎಳೆಗೂಸಿನ ಕರುಳಿನಲ್ಲಿ ಬೆಳೆದು ಇಡೀ ಮೈಯನ್ನು ನಿಶ್ಶಕ್ತಗೊಳಿಸಬಲ್ಲವು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು.

ಬಂಧುಗಳೇ, ಮಗು ಓಡಲಾರದಿದ್ದರೂ ಹಿಮ್ಮಡಿಯೂರಿ ನಾಲ್ಕು ಹೆಜ್ಜೆ ನಡೆದು ಶಾಲೆಯ ಬಾಗಿಲು ಸೇರಿದರೆ ಅದು ಸಣ್ಣ ಲಾಭವಲ್ಲ. ಮನೆಯಲ್ಲಿ ಇಂಥ ಮಗುವಿದ್ದವರು, ಲಕ್ವದಿಂದ ಬಳಲುವ ಹಿರಿಯರಿದ್ದವರು ಸಂಕೋಚಪಡದೆ ದಂಪತಿಗಳಿಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಬನ್ನಿರಿ ಎಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.