ಸರಕಾರದ ಪಡಿಯೂ ಬಡವರ ಪಾಡೂ

 

ಹಸಿದು ಬಂದವನನ್ನು ಪಂಕ್ತಿಯಲ್ಲಿ ಕುಳ್ಳಿರಿಸಿ ಉಣಬಡಿಸುವಾಗ ಮಠವು ಅವನ ಆದಾಯವೆಷ್ಟೆಂದು ವಿಚಾರಿಸುವುದಿಲ್ಲ. ಸರಕಾರಗಳಿಗೆ ಇದು ಅಷ್ಟು ಸುಲಭವಲ್ಲ. ಪ್ರಜೆಗಳ ಕಾಯಕದಿಂದ ತುಂಬಿದ ಬೊಕ್ಕಸಕ್ಕೆ ಮಿತಿಯುಂಟು. ಆದುದರಿಂದ ಸೋವಿಯ ಧಾನ್ಯವನ್ನು ಯಾರಿಗೆ, ಯಾವ ರೂಪದಲ್ಲಿ ಕೊಡಬೇಕೆಂಬ ಪ್ರಶ್ನೆಯು ಬಡದೇಶಗಳಲ್ಲೆಲ್ಲ ಏಳುತ್ತ ಬಂದಿರುವುದು. ಉತ್ತರವು ತಪ್ಪಿದಾಗ ದಂಡ ತೆರುವವರು ಬಡವರೇ.

ಇದಕ್ಕೆ ನೆರೆಯ ಶ್ರೀಲಂಕೆಯ ಚರಿತ್ರೆಯು ಸಾಕ್ಷಿ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಲ್ಲಿ ಅಕ್ಕಿಯ ಪಡಿತರವು ಮೊದಲಾಯಿತು. ಬಡವ ಬಲ್ಲಿದರೆನ್ನದೆ ಬಹುಮಟ್ಟಿಗೆ ಎಲ್ಲರಿಗೂ ಅದು ದೊರೆಯುತ್ತಿದ್ದಿತು. 1953ರಲ್ಲಿ ಸರಕಾರವು ಅಳತೆಯೊಂದಕ್ಕೆ 25 ಸೆಂಟುಗಳಿದ್ದ ಬೆಲೆಯನ್ನು 70 ಸೆಂಟುಗಳಿಗೆ ಏರಿಸಲು, ದೇಶವೆಲ್ಲ ಹರತಾಳವೆದ್ದು ಪ್ರಧಾನಮಂತ್ರಿ ಡಡ್ಲಿ ಸೇನಾನಾಯಕರು ಪದತ್ಯಾಗ ಮಾಡಬೇಕಾಯಿತು. ಆದರೂ ವೆಚ್ಚದ ಹೊರೆಯು ತಪ್ಪಲಿಲ್ಲ. 1978ರಲ್ಲಿ ಪಡಿತರವನ್ನು ಕಡಿಮೆ ಆದಾಯದ ಕುಟುಂಬಗಳಿಗೆ ಮಾತ್ರ ಮೀಸಲಿಟ್ಟರು. 1979ರಲ್ಲಿ ಅಕ್ಕಿಗೆ ಬದಲಾಗಿ ಆಹಾರದ ಚೀಟಿಗಳನ್ನು ಕೊಟ್ಟರು. ಚೀಟಿಯ ಮೇಲಣ ರೂಪಾಯಿಯ ಅಂಕವು ಇದ್ದಂತೆಯೇ ಇದ್ದಿತು. ಅಂಗಡಿಯ ಬೆಲೆಯು ಏರುತ್ತ ಹೋಯಿತು. ಕೆಲವೇ ವರುಷಗಳಲ್ಲಿ ಚೀಟಿಯ ಬೆಲೆಯು ನಿಜದಲ್ಲಿ ಸುಮಾರು ಅರ್ಧಕ್ಕಿಳಿಯಿತು. ಬೊಕ್ಕಸಕ್ಕೆ ಉಳಿತಾಯವಾಯಿತು, ಕಡುಬಡವರ ಊಟವು ಕುಗ್ಗಿತು.

ಭಾರತವು 1997ರಲ್ಲಿ ಬಡತನದ ರೇಖೆಯನ್ನೆಳೆದು, ಕೆಳಗಿನವರಿಗೊಂದು ಬೆಲೆ, ಮೇಲಿನವರಿಗೊಂದು ಬೆಲೆ ಎಂದು ಪಡಿತರವನ್ನು ವಿಂಗಡಿಸಿತು. ಬಡವರಿಗೇ ಸಲ್ಲಲೆಂಬುದು ಸದುದ್ದೇಶವೇ ಸರಿ. ಆದರೆ ಅನೇಕ ಬಡವರು ಪಟ್ಟಿಯ ಹೊರಗುಳಿದರು, ಉಳ್ಳವರು ಹಲವರು ಒಳಸೇರಿದರು. ಧಾನ್ಯವು ಕಾಳಸಂತೆಗೆ ಹರಿಯಿತು. ಛತ್ತೀಸಗಢ ರಾಜ್ಯವು 2004ರಿಂದ ನ್ಯಾಯಬೆಲೆ ಅಂಗಡಿಗಳನ್ನು ಖಾಸಗಿ ವರ್ತಕರಿಂದ ಬಿಡಿಸಿ ಪಂಚಾಯತಿ, ಸಹಕಾರ ಸಂಘ, ಮಹಿಳಾ ಸಂಘಗಳಿಗೆ ಒಪ್ಪಿಸಿತು. ಬಳಿಕ ಬೆಲೆಯನ್ನು ತಗ್ಗಿಸಿ ಹೆಚ್ಚು ಮನೆಗಳನ್ನು ಸೇರಿಸಿಕೊಂಡಿತು. 2004-05ರಲ್ಲಿ ಸುಮಾರು ಅರ್ಧದಷ್ಟಿದ್ದ ಸೋರಿಕೆಯು 2009-10ರಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದರು. ಹಲವರಿಗೆ ಸಲ್ಲುವ ಪಡಿಯನ್ನು ಕಾಯಲು ಹಲವು ಕಣ್ಣುಗಳುಂಟು. ಕೆಲವರ ಪಡಿಯನ್ನು ಕದಿಯುವುದು ಸುಲಭ.

2013ರ ಆಹಾರ ಭದ್ರತಾ ಕಾಯಿದೆಯು ಗ್ರಾಮಗಳ ನೂರಕ್ಕೆ 75ರವರೆಗೆ, ಪಟ್ಟಣಗಳ ನೂರಕ್ಕೆ 50ರವರೆಗೆ ಜನರಿಗೆ ಧಾನ್ಯವನ್ನು ಹಕ್ಕನ್ನಾಗಿ ಮಾಡಿತು. ಆದರೆ ಆ ಎಣಿಕೆಯು 2011ರ ಜನಗಣತಿಯದು. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮುಂದೆಹೋದುದರಿಂದ, ಬೆಳೆದ ಜನಸಂಖ್ಯೆಗೆ ತಕ್ಕಂತೆ ಪಟ್ಟಿಯು ಬೆಳೆಯಲಿಲ್ಲ.

ಕರ್ನಾಟಕದಲ್ಲಿಯೂ 2013ರಲ್ಲಿ ಅನ್ನಭಾಗ್ಯವು ಮೊದಲಾಯಿತು. 2023ರಲ್ಲಿ ಹೆಚ್ಚುವರಿ ಅಕ್ಕಿಯು ಸಿಗದೆ ಸರಕಾರವು ಕಿಲೋಗೆ 34 ರೂಪಾಯಿಗಳಂತೆ ತಲೆಗೆ 170 ರೂಪಾಯಿಗಳನ್ನು ಕೊಟ್ಟಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಹಣವು ತುರ್ತಿಗೆ ಒದಗೀತು. ಬೆಲೆಯೇರಿದರೆ ಅದು ಕರಗುವುದು. ಧಾನ್ಯದ ತೂಕವು ಕರಗದು. ಆದರೆ ಅಕ್ಕಿಯೊಂದರಿಂದಲೇ ಮೈ ಬಲಿಯುವುದಿಲ್ಲ. ಜೋಳ, ರಾಗಿ, ಬೇಳೆಗಳೂ ಬೇಕು.

ಪಟ್ಟಿಯು ಸರಿಯಿದ್ದರೂ ಬಾಗಿಲು ಮುಚ್ಚೀತು. ಕಾಯಕದಿಂದ ಸವೆದ ಮುದುಕಿಯ ಬೆರಳನ್ನು ಅಂಗಡಿಯ ಯಂತ್ರವು ಗುರುತಿಸದಿದ್ದರೆ ಆಕೆ ಬರಿಗೈಯಲ್ಲಿ ಮರಳುವಳು. ದುಡಿದುದೇ ಅಪರಾಧವಾದಂತಾಯಿತು! ಅಂಥವಳ ಸಂಗಡ ಅಂಗಡಿಗೆ ಹೋಗಿ ಆಕೆಯ ಪಡಿಯನ್ನು ಕೊಡಿಸುವುದು ಊರಿನ ಸದ್ಭಕ್ತರಿಗೆ ಅಸಾಧ್ಯವಲ್ಲ. ಕೊಟ್ಟವನು ಬೀಗದೆ, ಕೊಂಡವನು ಕುಗ್ಗದೆ ನಡೆಯುವುದೇ ದಾಸೋಹ. ಸರಕಾರದ ಪಡಿಯೂ ಹಾಗೆಯೇ ಬಡವರ ಒಲೆಯನ್ನು ಮುಟ್ಟಲಿ.